ನೆಟ್ ಬಳಿ ವಾಲಿ ಕೈಕೊಡುತ್ತಿದೆ: ಯಾವ ಅಭ್ಯಾಸದಿಂದ ಸರಿಹೋದೀತು?

ಪ್ರಶ್ನೆ:
ನಮಸ್ಕಾರ. ನಾನು ಎರಡು ವರ್ಷಗಳಿಂದ ಮೈಸೂರಿನಲ್ಲಿ ಟೆನಿಸ್ ಆಡುತ್ತಿದ್ದೇನೆ. ಫೋರ್‌ಹ್ಯಾಂಡ್ (ರಾಕೆಟ್ ಹಿಡಿದ ಕೈಯ ಕಡೆಯ ಹೊಡೆತ) ಒಂದು ಮಟ್ಟಿಗೆ ಕೈಗೆ ಹತ್ತಿದೆ. ಆದರೆ ಡಬಲ್ಸ್‌ನಲ್ಲಿ ನೆಟ್ ಬಳಿ ನಿಂತಾಗ ಎದುರಾಳಿ ತುಸು ಜೋರಾಗಿ ಹೊಡೆದರೂ ನನ್ನ ವಾಲಿ (ಚೆಂಡು ನೆಲಕ್ಕೆ ಬೀಳುವ ಮುನ್ನವೇ ಹೊಡೆಯುವ ಹೊಡೆತ) ನೆಟ್‌ಗೆ ಬಡಿಯುತ್ತದೆ, ಇಲ್ಲವೇ ಹಿಂದಿನ ಬೇಲಿಯವರೆಗೆ ಹಾರಿಹೋಗುತ್ತದೆ. ಜೊತೆಗಾರರು ಸಿಗುವುದು ಭಾನುವಾರ ಮಾತ್ರ; ಉಳಿದ ದಿನ ಅಭ್ಯಾಸದ ಗೋಡೆಯೊಂದೇ ಗತಿ. ದಯವಿಟ್ಟು ಸಲಹೆ ನೀಡಿ.

ಉತ್ತರ 1:
ಫೋರ್‌ಹ್ಯಾಂಡ್‌ನಂತೆ ರಾಕೆಟ್ಟನ್ನು ಹಿಂದಕ್ಕೆಳೆದು ಬೀಸುತ್ತಿದ್ದೀರಿ ಎಂದು ತೋರುತ್ತದೆ. ವಾಲಿಯಲ್ಲಿ ಚೆಂಡನ್ನು ದೇಹದ ಮುಂದೆಯೇ ತಡೆದು ಕಳುಹಿಸಬೇಕು. ಸುತ್ತಿಗೆ ಹಿಡಿದಂತೆ ರಾಕೆಟ್ ಹಿಡಿಯಿರಿ. ಅದೇ ಕಾಂಟಿನೆಂಟಲ್ ಗ್ರಿಪ್, ಎರಡೂ ಕಡೆಯ ವಾಲಿಗೆ ಅದೊಂದೇ ಸಾಕು. ಭಾನುವಾರ ತಂತಿ ಬೇಲಿಗೆ ಬೆನ್ನು ಮಾಡಿ, ಒಂದು ಗೇಣು ಅಂತರ ಬಿಟ್ಟು ನಿಲ್ಲಿ. ಜೊತೆಗಾರರು ಐದಾರು ಹೆಜ್ಜೆ ದೂರದಿಂದ ಕೈಯಲ್ಲೇ ಚೆಂಡು ಎಸೆಯಲಿ. ರಾಕೆಟ್ ಹಿಂದೆ ಹೋದ ಪ್ರತಿ ಸಲವೂ ತಂತಿ ಝಲ್ಲೆನ್ನುತ್ತದೆ. ಯಾವ ತರಬೇತುದಾರರೂ ಅಷ್ಟು ಬೇಗ ತಪ್ಪನ್ನು ತೋರಿಸಿಕೊಡಲಾರರು. ಚೆಂಡು ತಗ್ಗಿನಲ್ಲಿ ಬಂದರೆ ಮಂಡಿ ಬಗ್ಗಲಿ, ರಾಕೆಟ್ಟಿನ ತಲೆ ಮಣಿಕಟ್ಟಿಗಿಂತ ಕೆಳಗಿಳಿಯದಿರಲಿ. ನಿಮ್ಮ ವಾಲಿ ನೆಟ್‌ಗೆ ಬೀಳುವುದು ಬಹುಶಃ ಅಲ್ಲಿಯೇ.

ಉತ್ತರ 2:
ಮೇಲಿನ ಮಾತು ಸರಿ, ಆದರೆ ಕಾಲುಗಳನ್ನು ಮರೆಯಬಾರದು. ಎದುರಾಳಿ ಚೆಂಡಿಗೆ ಹೊಡೆಯುವ ಹೊತ್ತಿಗೆ ಎರಡೂ ಪಾದ ಅಗಲಿಸಿ ಪುಟ್ಟದಾಗಿ ಹಾರಿ ಇಳಿಯುವುದಕ್ಕೆ ಸ್ಪ್ಲಿಟ್ ಸ್ಟೆಪ್ ಎನ್ನುತ್ತಾರೆ. ಇದು ತಡವಾದರೆ ಕೈ ಎಷ್ಟೇ ಚುರುಕಾಗಿದ್ದರೂ ಚೆಂಡು ದೇಹವನ್ನು ದಾಟಿಬಿಡುತ್ತದೆ. ನಮ್ಮ ಕೊಡಗಿನ ರೋಹನ್ ಬೋಪಣ್ಣ 2024ರಲ್ಲಿ, 43ನೆಯ ವಯಸ್ಸಿನಲ್ಲಿ, ಮ್ಯಾಥ್ಯೂ ಎಬ್ಡನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದರಲ್ಲ, ಆ ಆಟವನ್ನು ಚೆಂಡು ಬಿಟ್ಟು ಅವರ ಪಾದಗಳನ್ನೇ ಗಮನಿಸುತ್ತಾ ಮತ್ತೊಮ್ಮೆ ನೋಡಿ.

ಉತ್ತರ 3:
ಗೋಡೆಯ ಬಗ್ಗೆ ಒಂದು ಎಚ್ಚರಿಕೆ. ಮೊದಲ ದಿನವೇ ಗೋಡೆಗೆ ವಾಲಿ ಆಡಲು ಹೋದರೆ ಚೆಂಡು ತೀರಾ ಬೇಗ ಮರಳಿ, ಗಾಬರಿಯಲ್ಲಿ ಮತ್ತೆ ಬೀಸುವುದೇ ರೂಢಿಯಾಗುತ್ತದೆ. ನೆಟ್ಟಿನ ನಡುಭಾಗದ ಎತ್ತರ 3 ಅಡಿ. ಗೋಡೆಯ ಮೇಲೆ ಅಷ್ಟೆತ್ತರಕ್ಕೆ ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ಮೊದಲ ವಾರ ಒಂದು ಪುಟಿತದ ನಂತರ, ಗೆರೆಯ ಮೇಲಕ್ಕೆ ಮೆತ್ತಗೆ ಆಡಿ. ಆಮೇಲೆ ಒಂದು ಸಲ ಪುಟಿದ ಚೆಂಡು, ಮರುಸಲ ವಾಲಿ ಎಂದು ಬದಲಾಯಿಸುತ್ತಾ ಬನ್ನಿ. ಮಕ್ಕಳ ತರಬೇತಿಗೆ ಬಳಸುವ ಹಸಿರು ಚುಕ್ಕೆಯ ಚೆಂಡು ಮಾಮೂಲಿ ಚೆಂಡಿಗಿಂತ ನಿಧಾನ. ಅದನ್ನು ಬಳಸಲು ಸಂಕೋಚ ಬೇಡ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಈ ಭಾನುವಾರ ಬೇಲಿಯ ಅಭ್ಯಾಸ ಮಾಡಿದೆ. ಮೊದಲ 20 ಚೆಂಡುಗಳಲ್ಲಿ 13 ಬಾರಿ ತಂತಿ ಸದ್ದು ಮಾಡಿತು, ಕೊನೆಯ 20ರಲ್ಲಿ 4 ಬಾರಿ. ಆ ನಾಲ್ಕೂ ಬ್ಯಾಕ್‌ಹ್ಯಾಂಡ್ ಕಡೆಯವೇ, ಅಂದರೆ ರಾಕೆಟ್ ಹಿಡಿದ ಕೈಗೆ ಎದುರು ಬದಿಯವು. ಅಲ್ಲಿ ಎಡಗೈಯನ್ನು ರಾಕೆಟ್ಟಿನ ಕತ್ತಿನಿಂದ ಯಾವಾಗ ಬಿಡಬೇಕು?

ಉತ್ತರ 1:
ಚೆಂಡಿಗೆ ತಾಗುವ ತುಸು ಮುಂಚೆ. ಅಲ್ಲಿಯವರೆಗೆ ಎಡಗೈ ಹಿಡಿದೇ ಇರಲಿ. ಭುಜ ತಾನಾಗಿ ತಿರುಗುತ್ತದೆ, ರಾಕೆಟ್ ಹಿಂದೆ ಹೋಗುವುದಿಲ್ಲ.