ಬಸ್ಸಿನಲ್ಲಿ ಕಂಡವರನ್ನು ಕತೆಯ ಪಾತ್ರವಾಗಿಸುವುದು ಹೇಗೆ?

ಮಳೆಹನಿ (ಪ್ರಶ್ನೆ):
ಮಡಿಕೇರಿಯಿಂದ ಮೂರ್ನಾಡು ಮಾರ್ಗವಾಗಿ ವಿರಾಜಪೇಟೆಗೆ ಹೋಗುವ ಬಸ್ಸಿನಲ್ಲಿ ದಿನವೂ ಓಡಾಡುವ ನಾನು, ಕತೆ ಬರೆಯುವ ಆಸೆಯಿಂದ ಸಹಪ್ರಯಾಣಿಕರನ್ನು ಗಮನಿಸಿ ಟಿಪ್ಪಣಿ ಮಾಡಿಕೊಳ್ಳುತ್ತ ಬಂದಿದ್ದೇನೆ. ಪುಸ್ತಕವೇನೋ ತುಂಬಿದೆ, ಆದರೆ ಅದರಲ್ಲಿರುವುದು ಹಿಂದಕ್ಕೆ ನೆರಿಗೆ ಬಿಟ್ಟು ಉಟ್ಟ ಸೀರೆ, ತಲೆವಸ್ತ್ರ, ಕೊಡೆ, ಮೀಸೆ ಇಷ್ಟೇ. ಇವರಲ್ಲಿ ಯಾರೂ ಕತೆಯೊಳಗೆ ಬಂದು ಬಾಯಿ ಬಿಡುವುದಿಲ್ಲ. ಒಬ್ಬರೇ ಒಬ್ಬರು ಹೇಗೋ ಜೀವ ತಳೆದಾಗ, ಓದಿದ ಗೆಳತಿ ‘ಇದು ನಮ್ಮ ದೊಡ್ಡಮ್ಮ ಅಲ್ಲವೇ?’ ಎಂದು ಕೇಳಿಬಿಟ್ಟಳು. ಎಲ್ಲರಿಗೂ ಎಲ್ಲರ ಗುರುತಿರುವ ಇಂಥ ಊರಿನಲ್ಲಿ ನೋಡಿ ಬರೆಯುವುದು ಹೇಗೆ?

ಕಣದಂಚು:
ಉಡುಪನ್ನು ಬಿಡಿ. ಯಾರೂ ನೋಡುತ್ತಿಲ್ಲವೆಂದುಕೊಂಡಾಗ ಮನುಷ್ಯರು ಏನು ಮಾಡುತ್ತಾರೆ ಎಂಬುದನ್ನು ಗಮನಿಸಿ. ರೊಬಸ್ಟಾ ಕಾಫಿ ಕೊಯ್ಲಿನ ಒಂದು ಸಂಜೆ, ಕೆ.ಜಿ. ಲೆಕ್ಕದ ಕೂಲಿಗಾಗಿ ಹಣ್ಣು ತೂಗಿಸಲು ನಿಂತ ಸಾಲಿನಲ್ಲಿ, ಒಬ್ಬಾಕೆ ತನ್ನ ಚೀಲದಿಂದ ಎರಡು ಬೊಗಸೆ ಹಣ್ಣು ತೆಗೆದು ಹಿಂದಿದ್ದ ಹುಡುಗಿಯ ಚೀಲಕ್ಕೆ ಸುರಿದು, ಏನೂ ನಡೆದಿಲ್ಲವೆಂಬಂತೆ ಮುಖ ತಿರುಗಿಸಿಕೊಂಡಳು. ಮಗಳೋ, ತೀರಿಸಬೇಕಾದ ಋಣವೋ, ಬರಿಯ ಕನಿಕರವೋ? ನಾನು ವಿಚಾರಿಸಲಿಲ್ಲ, ವಿಚಾರಿಸಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು.

ನಿವೃತ್ತ ಮೇಷ್ಟ್ರು:
ಮೇಲಿನವರ ಮಾತಿಗೆ ನನ್ನದೊಂದು ಸಣ್ಣ ತಕರಾರಿದೆ. ವ್ಯಕ್ತಿಯ ಬಗ್ಗೆ ವಿಚಾರಿಸದಿದ್ದರೂ ಅವರ ಕೆಲಸದ ಬಗ್ಗೆ ವಿಚಾರಿಸಲೇಬೇಕು. ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆ ಬೀಳುವುದು ಫೆಬ್ರವರಿ, ಮಾರ್ಚ್ ಹೊತ್ತಿಗೆ ಎಂಬುದನ್ನು ತಿಳಿಯದೆ ಡಿಸೆಂಬರಿನಲ್ಲೇ ತೋಟದ ತುಂಬ ಕಾಫಿ ಹೂ ಅರಳಿಸಿದ ಕತೆಯೊಂದನ್ನು ಓದಿದ ಮೇಲೆ, ಅದರ ನಾಯಕನ ಕಣ್ಣೀರನ್ನೂ ನನಗೆ ನಂಬಲಾಗಲಿಲ್ಲ.

ಇನ್ನು ಗುರುತು ಸಿಗುವ ತೊಂದರೆ. ನಮ್ಮಲ್ಲಿ ಅದಕ್ಕೆ ಮುಖ್ಯ ಕಾರಣ ಹೆಸರು. ಕೊಡವರಲ್ಲಿ ಒಕ್ಕದ, ಅಂದರೆ ಕುಲಕುಟುಂಬದ ಹೆಸರು, ಅರೆಭಾಷೆ ಗೌಡರಲ್ಲಿ ಮನೆತನದ ಹೆಸರು ವ್ಯಕ್ತಿಯ ಹೆಸರಿಗಿಂತ ಮೊದಲೇ ಬರುವುದರಿಂದ, ಅದನ್ನು ಬರೆದೊಡನೆ ಓದುಗರು ನೇರವಾಗಿ ಆ ಕುಟುಂಬದ ಮೂಲಮನೆಯಾದ ಐನ್‌ಮನೆಯ ಅಂಗಳಕ್ಕೇ ಹೋಗಿ ನಿಲ್ಲುತ್ತಾರೆ. ಹಾಗೆಂದು ಹೊಸದೊಂದನ್ನು ಹೊಸೆದರೆ ಇಲ್ಲಿಯವರ ಕಿವಿಗೆ ಸುಳ್ಳೆಂದು ಕೇಳಿಸುತ್ತದೆ. ಆದ್ದರಿಂದ ನಾನು ಪಾತ್ರಗಳನ್ನು ಅಜ್ಜ, ಚಿಕ್ಕಮ್ಮ, ಭಾವ ಎಂದು ಕರೆದು ದಾಟಿಕೊಳ್ಳುತ್ತೇನೆ. ಒಬ್ಬರ ನಡೆಯನ್ನು ಇನ್ನೊಬ್ಬರ ಬದುಕಿಗೆ ಹೊಂದಿಸಿ, ವಯಸ್ಸನ್ನೂ ಕಸುಬನ್ನೂ, ಬೇಕಾದರೆ ಹೆಣ್ಣು ಗಂಡೆಂಬುದನ್ನೂ ಬದಲಿಸಿ. ಅಂದ ಹಾಗೆ, ಎದುರಿಗೆ ಕುಳಿತವರ ಫೋಟೋವನ್ನು ಮೊಬೈಲಿನಲ್ಲಿ ಕದ್ದು ತೆಗೆಯುವುದು ಮಾತ್ರ ಬೇಡ.

ಮಳೆಹನಿ:
ಇಬ್ಬರಿಗೂ ಧನ್ಯವಾದ. ಗೆಳತಿಯನ್ನು ಮತ್ತೆ ಕೇಳಿದೆ. ನಾನು ಹೆಸರನ್ನೇನೂ ಬರೆದಿರಲಿಲ್ಲ. ಕಂಡಕ್ಟರ್ ಕೊಟ್ಟ ಟಿಕೆಟನ್ನು ಆ ದೊಡ್ಡಮ್ಮ ನಾಲ್ಕಾಗಿ ಮಡಿಸಿ ಬಳೆಯ ಸಂದಿಗೆ ಸಿಕ್ಕಿಸಿಕೊಳ್ಳುವುದನ್ನು ಬರೆದದ್ದರಿಂದಲೇ ಗುರುತು ಸಿಕ್ಕಿತಂತೆ. ಅದನ್ನು ಬಿಡಲು ಮನಸ್ಸಿಲ್ಲ. ಆ ಟಿಕೆಟನ್ನು ಒಬ್ಬ ಮುದುಕನ ಕೈಗಡಿಯಾರದ ಪಟ್ಟಿಯೊಳಗೆ ಸಿಕ್ಕಿಸಿ ನೋಡುತ್ತೇನೆ.