ಪದ ಬೇಕು, ಅರ್ಜೆಂಟ್: ಟಿಬಿ ಇಲ್ಲದ ಮಗೂಗೆ ಕೊಡೋ ಟಿಬಿ ಮಾತ್ರೆಗೆ ಏನನ್ನೋಣ?

ಎಲ್ರಿಗೂ ನಮಸ್ಕಾರ. ನಮ್ಮೂರ ಆರೋಗ್ಯ ಕೇಂದ್ರದ ಗೋಡೆಗೆ ಬರೆಸಬೇಕು, ಪೇಂಟರ್ ನಾಳೆ ಬೆಳಗ್ಗೆ ಬರ್ತಾರೆ. ಮನೇಲಿ ದೊಡ್ಡೋರಿಗೆ ಶ್ವಾಸಕೋಶದ ಟಿಬಿ ಅಂತ ಗೊತ್ತಾದ್ರೆ ಅದೇ ಮನೆಯ 5 ವರ್ಷದೊಳಗಿನ ಮಕ್ಕಳನ್ನ ನೋಡಿ, ಕಾಯಿಲೆ ಇಲ್ಲ ಅಂತ ಖಾತ್ರಿ ಆದ್ಮೇಲೆ 6 ತಿಂಗಳು ದಿನಾ ಐಸೋನಿಯಾಜಿಡ್ ಅನ್ನೋ ಮಾತ್ರೆ ಕೊಡ್ತಾರಲ್ಲ, ಅದಕ್ಕೆ ಪದ ಬೇಕು. ನಮಗೆ ಬಂದಿರೋ ಕರಡಲ್ಲಿ "ಕ್ಷಯರೋಗ ಪ್ರತಿಬಂಧಕ ಚಿಕಿತ್ಸೆ" ಅಂತಿದೆ. ಚಿಕಿತ್ಸೆ ಅಂದ ತಕ್ಷಣ ತಾಯಂದಿರು ಆಶಾ ಅವರ ಮೇಲೆ ರೇಗ್ತಾರೆ, ಕುಣಿದಾಡ್ಕೊಂಡಿರೋ ಮಗೂಗೆ ಯಾಕ್ರೀ ಟಿಬಿ ಮಾತ್ರೆ, ಹುಟ್ಟಿದಾಗ್ಲೇ ಬಿಸಿಜಿ ಲಸಿಕೆ ಹಾಕ್ಸಿದೀವಲ್ಲ ಅಂತ. ಬಿಸಿಜಿ ತಡೆಯೋದು ಮುಖ್ಯವಾಗಿ ಮೆದುಳಿಗೆ ಏರೋ ಟಿಬಿಯಂಥ ಜೋರಾದವನ್ನ, ಪಕ್ಕದಲ್ಲೇ ಮಲಗಿ ಕೆಮ್ಮೋ ತಾತನಿಂದ ಬರೋದಕ್ಕೆ ಅದೊಂದೇ ಸಾಲಲ್ಲ, ಇದನ್ನೆಲ್ಲ ಗೋಡೇಲಿ ಎಲ್ಲಿ ಬರೆಯೋದು. ಇನ್ನೊಂದು, ಜೊತೆಲಿ ಇರೋರಿಗೆ "ಸಂಪರ್ಕಿತರು" ಬೇಡ, ಕೊರೋನಾ ಕಾಲದ ಕ್ವಾರಂಟೈನ್ ನೆನಪಾಗಿ ಬಾಗಿಲು ಹಾಕ್ಕೊಳ್ತಾರೆ.

> ಉತ್ತರ 1
ತಡೆಮದ್ದು. ಸಂಪರ್ಕಿತರಿಗೆ ಮನೆಮಂದಿ. ಮುಗೀತು. ಪ್ರತಿಬಂಧಕ ಅನ್ನೋದು ಯಾರ ಬಾಯಲ್ಲೂ ಹೊರಳದ ಪದ, ಕಚೇರಿಯವರಿಗೆ ಮಾತ್ರ ಪ್ರೀತಿ.

> ಉತ್ತರ 2
ಮನೆಮಂದಿ ಸರಿ. ತಡೆಮದ್ದು ಬೇಡವೇ ಬೇಡ. ಮಂಡ್ಯದ ಕಡೆ "ಮದ್ದು ಹಾಕ್ಬಿಟ್ಟವ್ರೆ" ಅಂದ್ರೆ ಏನು ಅಂತ ಗೊತ್ತಾ ಸ್ವಾಮಿ? ಊಟದಲ್ಲಿ ಏನೋ ಬೆರೆಸಿ ಕೊಟ್ಟವ್ರೆ ಅಂತ. ಅದನ್ನ ಮಕ್ಕಳ ಹೆಸರಿನ ಪಕ್ಕ ಬರೆಸ್ತೀರಾ?

> ಉತ್ತರ 3
ಅದಿರಲಿ, ಮೂಲದಲ್ಲೇ ಗೋಟಾಳೆ. ಕೇಂದ್ರ ಸರ್ಕಾರದ ಟಿಬಿ ಯೋಜನೆಗೆ "ನಿಕ್ಷಯ್" ಅಂತ ಇಟ್ಟಿದ್ದಾರಲ್ಲ, ಆಗಬೇಕಾದ್ದು ನಿಃಕ್ಷಯ. ನಿಃಕ್ಷತ್ರಿಯ ಅನ್ನಲ್ವೇ, ಕ್ಷ ಮುಂದಿದ್ದರೆ ವಿಸರ್ಗ ಉಳಿಯುತ್ತೆ. ವಿಸರ್ಗ ನುಂಗಿದವರ ಹತ್ರ ಪದ ಕೇಳ್ತಾ ಕೂತಿದೀರಿ.

> ಉತ್ತರ 2
ವಿಸರ್ಗ ಇಲ್ಲ ಅಂತ ಬ್ಯಾಂಕಿನವರೇನು ದುಡ್ಡು ವಾಪಸ್ ಕಳ್ಸಿಲ್ಲ. ಆ ಯೋಜನೇಲಿ ಪೋಷಣೆಗೆ ತಿಂಗಳಿಗೆ 500 ರೂಪಾಯಿ ಕೊಡ್ತಿದ್ದದ್ದು 2024ರ ನವೆಂಬರಿಂದ 1000 ಆಗಿದೆ. ಅದು ಕಾಯಿಲೆ ಬಂದೋರಿಗೆ, ಈ ಮಕ್ಕಳಿಗಲ್ಲ, ಗೋಡೇಲಿ ಎರಡನ್ನೂ ಒಂದೇ ಸಾಲಲ್ಲಿ ಬರೆಸಿ ಜಗಳ ತಂದುಕೋಬೇಡಿ.

> ಉತ್ತರ 4
ಧಾರವಾಡ ಕಡೆ ಮಾತ್ರೆ ಅನ್ನಂಗಿಲ್ರೀ, ಗುಳಿಗಿ. ಮದ್ದು ಅಂದ್ರ ಪಟಾಕ್ಯಾಗಿಂದು. ಬೆಂಗಳೂರಾಗ ಕುಂತು ಇಡೀ ರಾಜ್ಯಕ್ಕ ಒಂದ ಪದ ಮಾಡೋ ಚಟ ಯಾವಾಗ ಬಿಡ್ತೀರಿ?

> ಉತ್ತರ 1
ಕೇಳಿದವರು ಚಿತ್ರದುರ್ಗದವರು, ಬೆಂಗಳೂರಿನವರಲ್ಲ. ಮದ್ದು ಕರಾವಳೀಲಿ ದಿನನಿತ್ಯದ ಮಾತು, ಮಂಡ್ಯದವರ ಮೂಢನಂಬಿಕೆಗೆ ಕನ್ನಡ ಯಾಕೆ ಪದ ಕಳ್ಕೋಬೇಕು? ಇಂಗ್ಲಿಷ್ ಟಿಬಿ ನಡೆಯುತ್ತೆ, ಸಂಸ್ಕೃತದ ಕ್ಷಯ ನಡೆಯುತ್ತೆ, ಕನ್ನಡದ್ದು ಮಾತ್ರ ಎಲ್ರಿಗೂ ಚುಚ್ಚುತ್ತೆ.

> ಉತ್ತರ 3
ಟಿಬಿ ಅನ್ನೋದು ಪದವೇ ಅಲ್ಲ, ಎರಡು ಅಕ್ಷರ.

> ಕೇಳಿದವರು
ಆ ಎರಡು ಅಕ್ಷರವೇ ಇಲ್ಲಿ ಎಲ್ರಿಗೂ ಅರ್ಥ ಆಗೋದು ಸರ್. ಒಂದೇ ಪದ ಸಿಗಲ್ಲ ಅನ್ಸುತ್ತೆ, ಅದಕ್ಕೆ ಹೀಗೆ ಬರೆಸ್ತಿದೀನಿ: "ಮನೆಯಲ್ಲಿ ಯಾರಿಗಾದರೂ ಟಿಬಿ ಇದೆಯೇ? ಮಕ್ಕಳಿಗೆ ಬರದಂತೆ ಮುಂಚೆಯೇ ಮಾತ್ರೆ ಕೊಡಿಸಿ. ಉಚಿತ." ಆಶಾ ಅವರಿಗೆ ಓದಿ ತೋರಿಸ್ದೆ, "ಪರೀಕ್ಷೆ ಮಾಡಿಸಿ" ಅಂತ ಮೊದ್ಲು ಬರ್ಲಿ, ಇಲ್ದಿದ್ರೆ ಸೀದಾ ಬಂದು ಮಾತ್ರೆ ಕೊಡಿ ಅಂತಾರೆ ಅಂದ್ರು. ಸೇರಿಸ್ತೀನಿ.

> ಉತ್ತರ 1
ಮಾತ್ರೆ, ಉಚಿತ, ಪರೀಕ್ಷೆ. ಮೂರೂ ಸಂಸ್ಕೃತ. ಬರೆಸ್ಕೊಳ್ಳಿ.