ಕಂಪನಿ ರಿಮ್‌ನಲ್ಲೇ ದೊಡ್ಡ ಟೈರ್: ಜಿಮ್ನಿಗೆ ಎಷ್ಟರವರೆಗೆ ಹೋಗಬಹುದು?

ರಾಜಾಜಿನಗರದ ಗೆಳೆಯರೊಬ್ಬರು ಕೇಳಿದ್ದು ಇಷ್ಟು: "ನನ್ನ ಮಾರುತಿ ಜಿಮ್ನಿಯ ಟೈರ್‌ಗಳು ಸವೆದಿವೆ. ವಾರವಿಡೀ ಊರೊಳಗೆ ಓಡಾಟ, ಬಿಡುವಾದಾಗ ಸಕಲೇಶಪುರದ ಕಡೆಯ ತೋಟದ ರಸ್ತೆಗಳು. ರಿಮ್ ಬದಲಾಯಿಸುವ ಮನಸ್ಸಿಲ್ಲ. 215 ಹಾಕಿಸಲೋ, 235 ಹಾಕಿಸಲೋ? ಅಂಗಡಿಯವರು ಎರಡೂ ಕೂರುತ್ತವೆ ಎನ್ನುತ್ತಾರೆ. ಕಾನೂನಿನ ತೊಡಕೇನಾದರೂ ಇದೆಯೇ?" ನನ್ನ ಗಾಡಿಯಲ್ಲಿ ಕಂಡದ್ದು, ಜೊತೆಯಲ್ಲಿ ಹೊರಡುವವರು ಹೇಳಿದ್ದು ಎರಡನ್ನೂ ಸೇರಿಸಿ ಬರೆಯುತ್ತಿದ್ದೇನೆ.

ನೇರವಾಗಿ ಹೇಳುವುದಾದರೆ, ಕಂಪನಿ ರಿಮ್ ಉಳಿಸಿಕೊಂಡರೆ 215/75 ಆರ್ 15ರ ಆಚೆಗೆ ಹೋಗಬೇಡಿ. (215 ಎಂದರೆ ಟೈರಿನ ಅಗಲ, ಮಿ.ಮೀ.ನಲ್ಲಿ; 75 ಎಂದರೆ ಪಕ್ಕದ ಎತ್ತರ ಆ ಅಗಲದ ಶೇಕಡಾ ಎಷ್ಟು ಎಂಬುದು; 15 ಎಂದರೆ ರಿಮ್ ವ್ಯಾಸ, ಇಂಚಿನಲ್ಲಿ.) 235/75 ನೋಡಲು ಚೆನ್ನಾಗಿಯೇ ಇರುತ್ತದೆ, ರಿಮ್ ಮೇಲೆ ಕೂರುವುದೂ ನಿಜ. ಆದರೆ ಕೂರುವುದು ಬೇರೆ, ಸರಿಹೊಂದುವುದು ಬೇರೆ. ಜಿಮ್ನಿಯ ರಿಮ್ ಅಗಲ 5.5 ಇಂಚು. ಸ್ಟೀಲ್ ರಿಮ್ ಆದರೂ ಅಲಾಯ್ ಆದರೂ ಅಷ್ಟೇ. ಟೈರ್ ತಯಾರಕರ ಕೋಷ್ಟಕ ತೆರೆದು ನೋಡಿ: 215/75ಕ್ಕೆ ಒಪ್ಪುವ ರಿಮ್ ಅಗಲ 5.5ರಿಂದ 7 ಇಂಚು, 235/75ಕ್ಕೆ 6ರಿಂದ 8 ಇಂಚು. ಅಂದರೆ 215 ಕೆಳಗಿನ ಗೆರೆಯ ಮೇಲೆ ನಿಂತಿದೆ, 235 ಗೆರೆಯಿಂದ ಹೊರಗಿದೆ. ಕಿರಿದಾದ ರಿಮ್‌ಗೆ ಅಗಲದ ಟೈರ್ ಹಾಕಿದರೆ ಅದರ ಎರಡೂ ಪಕ್ಕಗಳು ಒಳಕ್ಕೆ ಎಳೆದುಕೊಳ್ಳುತ್ತವೆ, ನೆಲ ಮುಟ್ಟುವ ಭಾಗ ನಡುವೆ ಉಬ್ಬುತ್ತದೆ. ಆಗ ನಡುವಿನ ಪಟ್ಟಿ ಬೇಗ ಸವೆಯುತ್ತದೆ, ತಿರುವಿನಲ್ಲಿ ಗಾಡಿ ಒಂದು ಕ್ಷಣ ತಡವಾಗಿ ಸ್ಟೀರಿಂಗ್ ಮಾತು ಕೇಳುತ್ತದೆ. ಶಿರಾಡಿ ಘಾಟಿಯಲ್ಲಿ ಲಾರಿಗಳ ಸಾಲಿನ ನಡುವೆ ಇಳಿಯುವಾಗ ಆ ಒಂದು ಕ್ಷಣ ಬಹಳ ದೊಡ್ಡದು.

ಎತ್ತರದ ಲೆಕ್ಕ ನೀವೇ ಮಾಡಿಕೊಳ್ಳಬಹುದು. ಈಗಿರುವ 195/80 ಆರ್ 15ರ ವ್ಯಾಸ 693 ಮಿ.ಮೀ. 215/75 ಹಾಕಿದರೆ ಸುಮಾರು 703, 235/75 ಹಾಕಿದರೆ ಸುಮಾರು 733. ನೆಲದಿಂದ ಸಿಗುವ ಎತ್ತರ ಈ ವ್ಯತ್ಯಾಸದ ಅರ್ಧ ಮಾತ್ರ ಎಂಬುದನ್ನು ಬಹಳ ಜನ ಮರೆಯುತ್ತಾರೆ. ಮೊದಲನೆಯದರಲ್ಲಿ 5 ಮಿ.ಮೀ., ಎರಡನೆಯದರಲ್ಲಿ 20 ಮಿ.ಮೀ. ಜಿಮ್ನಿಗೆ 210 ಮಿ.ಮೀ. ಮೊದಲಿನಿಂದಲೇ ಇದೆ. ಆ 20 ಮಿ.ಮೀ.ಗಾಗಿ ತೆರುವ ಬೆಲೆ ಏನೆಂದು ನೋಡಬೇಕು.

ನಮ್ಮ ಗುಂಪಿನಲ್ಲಿ ಒಬ್ಬರು 235 ಹಾಕಿಸಿದ್ದಾರೆ. ಮೂಲ ರಿಮ್‌ನಲ್ಲೇ. ಸಾವನದುರ್ಗದ ಬಳಿ ಗಾಡಿ ನಿಲ್ಲಿಸಿದಾಗ ಸ್ಟೀರಿಂಗನ್ನು ಪೂರ್ತಿ ಎಡಕ್ಕೆ ತಿರುಗಿಸಲು ಹೇಳಿ ಕೆಳಗೆ ಬಗ್ಗಿ ನೋಡಿದೆ. ಮುಂದಿನ ಆಕ್ಸಲ್‌ನಿಂದ ಹಿಂದಕ್ಕೆ ಚಾಚಿಕೊಂಡಿರುವ ಕಬ್ಬಿಣದ ತೋಳು ಇದೆಯಲ್ಲ, ಅದರ ಕಪ್ಪು ಬಣ್ಣ ಅಂಗೈಯಗಲ ಹಾರಿಹೋಗಿ ಲೋಹ ಹೊಳೆಯುತ್ತಿತ್ತು. ಟೈರಿನ ಒಳ ಅಂಚಿನಲ್ಲಿ ಅದಕ್ಕೆ ಸರಿಯಾಗಿ ನುಣುಪಾದ ಗೆರೆ. ಊರೊಳಗೆ ಯೂ ಟರ್ನ್ ಮಾಡುವಾಗಲೆಲ್ಲ ಎರಡೂ ಒಂದನ್ನೊಂದು ಕೆರೆಯುತ್ತಿವೆ. ಸ್ಟೀರಿಂಗ್ ತಿರುಗುವ ಮಿತಿಯನ್ನೇ ಕಡಿಮೆ ಮಾಡಿದರೆ ಉಜ್ಜುವುದು ನಿಲ್ಲುತ್ತದೆ ಎಂದು ಅವರ ಮೆಕ್ಯಾನಿಕ್ ಹೇಳಿದ್ದಾರೆ. ಇಕ್ಕಟ್ಟಾದ ಜಾಗದಲ್ಲಿ ತಿರುಗುವುದೇ ಈ ಗಾಡಿಯ ಬಲ. ಅದನ್ನು ಬಿಟ್ಟುಕೊಟ್ಟು ಟೈರ್ ಉಳಿಸಿಕೊಳ್ಳುವುದು ನನಗಂತೂ ಒಪ್ಪಿಗೆಯಾಗಲಿಲ್ಲ.

ಎಂಜಿನ್ ವಿಷಯ. 1.5 ಲೀಟರ್ ಪೆಟ್ರೋಲ್, 134 ಎನ್‌ಎಂ ಟಾರ್ಕ್ (ತಿರುಗಿಸುವ ಬಲ). ಟೈರ್ ವ್ಯಾಸ ಹೆಚ್ಚಾದಷ್ಟೂ ಎಲ್ಲ ಗೇರ್‌ಗಳೂ ಅಷ್ಟಷ್ಟು ಉದ್ದವಾಗುತ್ತವೆ, ಅಂದರೆ ಎಂಜಿನ್ನಿನ ಒಂದು ಸುತ್ತಿಗೆ ಗಾಡಿ ಹೆಚ್ಚು ದೂರ ಹೋಗುತ್ತದೆ, ಎಳೆಯುವ ಬಲ ಅಷ್ಟು ಕಡಿಮೆಯಾಗುತ್ತದೆ. 215ರಲ್ಲಿ ಒಂದೂವರೆ ಶೇಕಡಾ, ಗೊತ್ತೇ ಆಗುವುದಿಲ್ಲ. 235ರಲ್ಲಿ ಸುಮಾರು 5.8 ಶೇಕಡಾ, ಜೊತೆಗೆ ಪ್ರತಿ ಚಕ್ರದ ಭಾರವೂ ಹೆಚ್ಚುತ್ತದೆ. ಪೀಣ್ಯ ಮೇಲ್ಸೇತುವೆ ಹತ್ತುವಾಗ ಗೇರ್ ಇಳಿಸಬೇಕಾಗುತ್ತದೆ ಎಂದು 235 ಹಾಕಿಸಿದ ಆ ಗೆಳೆಯರೇ ಹೇಳುತ್ತಾರೆ. ಇಳಿಜಾರಿನಲ್ಲಿ ಎಂಜಿನ್ ಹಿಡಿತವೂ ಅಷ್ಟೇ ಸಡಿಲ. ಮೈಲೇಜ್ ತೀರಾ ಬಿದ್ದುಹೋಯಿತು ಎನ್ನುವವರು ಒಂದು ವಿಷಯ ಗಮನಿಸಬೇಕು: ಓಡೋಮೀಟರ್ ಈಗ ಕಡಿಮೆ ತೋರಿಸುತ್ತಿದೆ. ಅದು 100 ಕಿ.ಮೀ. ಎಂದಾಗ ಗಾಡಿ ಸುಮಾರು 106 ಓಡಿರುತ್ತದೆ. ಲೆಕ್ಕ ಸರಿಪಡಿಸಿದರೆ ನಷ್ಟ ಅರ್ಧಕ್ಕೆ ಇಳಿದರೂ ಆಶ್ಚರ್ಯವಿಲ್ಲ. ವೇಗವೂ ಹಾಗೆಯೇ. ಮೈಸೂರು ಹೆದ್ದಾರಿಯಲ್ಲಿ 100ರ ಮಿತಿ ಇದೆ, ಕ್ಯಾಮೆರಾ ಇದೆ. ಮುಳ್ಳನ್ನು 100ಕ್ಕೆ ನಿಲ್ಲಿಸಿ ನಿಶ್ಚಿಂತೆಯಿಂದ ಕೂರುವಂತಿಲ್ಲ.

ಸಕಲೇಶಪುರದಲ್ಲಿ ಕಾಫಿ ತೋಟ ಇರುವ ನಮ್ಮ ಅಣ್ಣನವರ ಸ್ನೇಹಿತರೊಬ್ಬರು ಹಳೆಯ ಜಿಪ್ಸಿ ಓಡಿಸಿ ಪಳಗಿದವರು. ಅವರ ಮಾತು ನನಗೆ ಬಹಳ ಉಪಯೋಗವಾಯಿತು. "ನಮ್ಮ ಕಡೆ ಕೆಸರಿನ ಕೆಳಗೆ ಗಟ್ಟಿ ನೆಲ ಇದೆ. ಕಿರಿದಾದ ಟೈರ್ ಕೆಸರನ್ನು ಸೀಳಿಕೊಂಡು ಆ ಗಟ್ಟಿ ನೆಲವನ್ನು ಹಿಡಿಯುತ್ತದೆ. ಅಗಲದ್ದು ಮೇಲೆಯೇ ಜಾರುತ್ತದೆ. ನಿಮಗೆ ಬೇಕಾದದ್ದು ಅಗಲವಲ್ಲ, ಒಳ್ಳೆಯ ಬಟನ್" ಎಂದರು. ಬಟನ್ ಎಂದರೆ ನೆಲ ಮುಟ್ಟುವ ಭಾಗದಲ್ಲಿರುವ ರಬ್ಬರ್ ಉಬ್ಬುಗಳು. ಚಿತ್ರದುರ್ಗದ ಕಡೆಯ ಎರೆ ಮಣ್ಣಿಗೆ ಈ ಮಾತು ಹಾಗೆಯೇ ಹೊಂದುವುದಿಲ್ಲ. ಅಲ್ಲಿ ಮಣ್ಣು ಟೈರಿಗೆ ಮೆತ್ತಿಕೊಂಡು ಚಕ್ರವೇ ಮುದ್ದೆಯಾಗುತ್ತದೆ, ಬಟನ್‌ಗಳ ನಡುವಿನ ಮಣ್ಣು ತಾನಾಗಿ ಉದುರುವಷ್ಟು ಜಾಗ ಇರಬೇಕು. ನೀವು ಹೋಗುವುದು ಸಕಲೇಶಪುರಕ್ಕೆ. ಹಾಗಾಗಿ ನಾನು ಅವರ ಪಕ್ಷ.

ಗಾಡಿಯ ಜೊತೆ ಬಂದಿರುವುದು ಎಚ್‌ಟಿ ಟೈರ್, ಹೆದ್ದಾರಿಗೆಂದೇ ಮಾಡಿದ್ದು. ಅದರಿಂದ ಎಟಿಗೆ (ಆಲ್ ಟೆರೇನ್, ಡಾಂಬರು ಮಣ್ಣು ಎರಡಕ್ಕೂ ಆಗುವ ಟೈರ್) ಬದಲಾದಾಗ ಸಿಗುವ ಹಿಡಿತ, ಅಳತೆ ಹೆಚ್ಚಿಸಿದ್ದರಿಂದ ಸಿಗುವುದಕ್ಕಿಂತ ಎಷ್ಟೋ ಮೇಲು. ನನ್ನ ಗಾಡಿಯಲ್ಲಿರುವುದು 215/75ರ ಎಟಿ, ಎಲ್ಲಿಯೂ ಉಜ್ಜಿಲ್ಲ. ಎಂಟಿ (ಮಡ್ ಟೆರೇನ್, ಕೆಸರಿಗೆಂದೇ ಮಾಡಿದ ಟೈರ್) ಬೇಡ. ವಾರವಿಡೀ ಊರೊಳಗಿನ ಕಾಂಕ್ರೀಟ್ ರಸ್ತೆಗಳಲ್ಲಿ ಅದರ ಗದ್ದಲ ಕೇಳಲಾಗದು, ಮಳೆಯಲ್ಲಿ ನೆನೆದ ಡಾಂಬರಿನ ಮೇಲೆ ಬ್ರೇಕ್ ಹಿಡಿದಾಗ ಧೈರ್ಯ ಬರುವುದಿಲ್ಲ. ಎಲ್‌ಟಿ ಎಂದು ಬರೆದಿರುವ ಟೈರ್‌ಗಳನ್ನೂ ಎರಡು ಬಾರಿ ಯೋಚಿಸಿ ಕೊಳ್ಳಿ. ಅವು ಭಾರ ಹೊರುವ ಗಾಡಿಗಳಿಗಾಗಿ ದಪ್ಪ ಪಕ್ಕಗಳೊಂದಿಗೆ ಮಾಡಿದವು. 1,200 ಕೆ.ಜಿ. ಆಸುಪಾಸಿನ ಗಾಡಿಗೆ ಹಾಕಿದರೆ ಪ್ರತಿ ರಸ್ತೆ ಉಬ್ಬೂ ಬೆನ್ನಿಗೆ ತಟ್ಟುತ್ತದೆ. ಚೂಪು ಕಲ್ಲಿನ ಮೇಲೆ ದಿನವೂ ಓಡಿಸುವವರಿಗೆ ಅದು ಬೇಕು, ನಿಮಗಲ್ಲ.

ಗಾಳಿಯ ಮಾತು ಬಿಟ್ಟರೆ ಈ ಉತ್ತರ ಅಪೂರ್ಣ. ಕೆಸರಿಗೆ ಇಳಿಯುವ ಮುನ್ನ ಗಾಳಿಯನ್ನು 18 ಪಿಎಸ್‌ಐಗೆ ಇಳಿಸಿ ಟೈರನ್ನು ನೋಡಿ. ಪಕ್ಕಗಳು ತುಸು ಉಬ್ಬುತ್ತವೆ, ನೆಲಕ್ಕೆ ಅಂಟಿದ ಭಾಗ ಉದ್ದವಾಗುತ್ತದೆ, ಕಲ್ಲಿನ ಮೇಲೆ ಪುಟಿಯುತ್ತಿದ್ದ ಚಕ್ರ ಕಲ್ಲನ್ನು ತಬ್ಬಿಕೊಂಡು ದಾಟುತ್ತದೆ. ಕಾಸು ಖರ್ಚಿಲ್ಲದ ಈ ಉಪಾಯವನ್ನು ಬಿಟ್ಟು ಜನ ಮೊದಲು ಟೈರ್ ಅಂಗಡಿಗೆ ಓಡುತ್ತಾರಲ್ಲ ಎಂದು ಬೇಸರವಾಗುತ್ತದೆ. ಗಾಳಿ ತುಂಬುವ ಸಣ್ಣ ಪಂಪ್ ಗಾಡಿಯಲ್ಲೇ ಇರಲಿ, ಡಾಂಬರು ರಸ್ತೆ ಸಿಕ್ಕ ತಕ್ಷಣ ಬಾಗಿಲ ಪಕ್ಕದ ಸ್ಟಿಕರ್‌ನಲ್ಲಿ ಬರೆದಷ್ಟು ತುಂಬಿಸಿ.

ಕೊಳ್ಳುವಾಗ ನಾಲ್ಕಲ್ಲ, ಐದು ಕೊಳ್ಳಿ. ಜಿಮ್ನಿಯಲ್ಲಿ ಫೋರ್ ವೀಲ್‌ಗೆ ಹಾಕಿದಾಗ ಮುಂದಿನ, ಹಿಂದಿನ ಆಕ್ಸಲ್‌ಗಳು ಒಂದಕ್ಕೊಂದು ಬಿಗಿದುಕೊಳ್ಳುತ್ತವೆ, ಅವು ತಿರುಗುವ ವೇಗದ ವ್ಯತ್ಯಾಸ ಸರಿದೂಗಿಸಲು ನಡುವೆ ಡಿಫರೆನ್ಷಿಯಲ್ ಇಲ್ಲ. ಒಂದು ಪಂಕ್ಚರ್ ಆಗಿ ಹಳೆಯ ಅಳತೆಯ ಸ್ಟೆಪ್ನಿ ಹಾಕಿಕೊಂಡು ಫೋರ್ ವೀಲ್‌ನಲ್ಲೇ ಓಡಿಸಿದರೆ ಟ್ರಾನ್ಸ್‌ಫರ್ ಕೇಸ್ (ಎಂಜಿನ್ ಬಲವನ್ನು ಎರಡೂ ಆಕ್ಸಲ್‌ಗಳಿಗೆ ಹಂಚುವ ಗೇರ್ ಪೆಟ್ಟಿಗೆ) ಮೇಲೆ ಒತ್ತಡ ಬೀಳುತ್ತದೆ. ಅಂದ ಹಾಗೆ ಸ್ಟೆಪ್ನಿ ಹಿಂಬಾಗಿಲಿಗೆ ನೇತಾಡುವುದರಿಂದ ಟೈರ್ ಭಾರವಾದಷ್ಟೂ ಆ ಬಾಗಿಲಿನ ಕೀಲುಗಳಿಗೆ ಕಷ್ಟ, 235ರ ವಿರುದ್ಧ ಇದೂ ಒಂದು ಕಾರಣ.

ಟೈರ್ ಎಷ್ಟು ಭಾರ ಹೊರಬಲ್ಲದು ಎಂದು ಸೂಚಿಸುವ ಲೋಡ್ ಇಂಡೆಕ್ಸ್ 96ಕ್ಕಿಂತ ಕಡಿಮೆ ಇರಬಾರದು, 96 ಎಂದರೆ ಒಂದು ಟೈರಿಗೆ 710 ಕೆ.ಜಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ, ಮೊದಲೆರಡು ಅದು ತಯಾರಾದ ವಾರ, ಕೊನೆಯೆರಡು ವರ್ಷ. ಜೆ.ಸಿ. ರಸ್ತೆಯಲ್ಲಿ ಎಲ್ಲವೂ ಸಿಗುತ್ತದೆ, ಆದರೆ ಬೇಡಿಕೆ ಕಡಿಮೆ ಇರುವ ಅಳತೆಗಳು ಗೋದಾಮಿನಲ್ಲಿ ಬಹುಕಾಲ ಕೂತಿರಬಹುದು. ಆ ಅಂಕಿಗಳನ್ನು ಓದದೆ ಹಣ ಕೊಡಬೇಡಿ.

ಕಾನೂನನ್ನೂ ಕೇಳಿದ್ದಿರಿ. ತಯಾರಕರು ನಮೂದಿಸಿದ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಬಾರದು ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿದೆ. ಹಾಗಾಗಿ 215 ಹಾಕಿಸುವುದಾದರೂ ವಿಮಾ ಕಂಪನಿಗೆ ಬರಹದಲ್ಲಿ ತಿಳಿಸಿ, ಉತ್ತರವನ್ನು ಇಟ್ಟುಕೊಳ್ಳಿ. ಆ ತಲೆನೋವೇ ಬೇಡ ಎನಿಸಿದರೆ ಈಗಿನ 195/80ರ ಅಳತೆಯಲ್ಲೇ ಎಟಿ ಹುಡುಕಿ, ಅದೂ ತಪ್ಪಾದ ಆಯ್ಕೆಯಲ್ಲ.

ತೀರ್ಮಾನಿಸುವ ಮುನ್ನ ಒಂದು ಭಾನುವಾರ ಮನೆಗೆ ಬನ್ನಿ. ನನ್ನ ಗಾಡಿಯನ್ನು ಸಾವನದುರ್ಗದ ತನಕ ನೀವೇ ಓಡಿಸಿ. 235 ಹಾಕಿಸಿದ ಗೆಳೆಯರನ್ನೂ ಕರೆಯುತ್ತೇನೆ, ಅವರ ಗಾಡಿಯನ್ನೂ ಓಡಿಸಿ ನೋಡಬಹುದು.